ರೇಂಜ್ ಸಿಗುವ ಜಾಗ

ಗಿರಿಗದ್ದೆಯ ಚೆಕ್‌ಪೋಸ್ಟಿನಲ್ಲಿ ಫಾರೆಸ್ಟ್ ಗಾರ್ಡ್ ಝಾಕಿರನ ಚೀಲದಿಂದ ಒಂದೊಂದೇ ಕಟ್ಟು ತೆಗೆದು ಮೇಜಿನ ಮೇಲಿಡುತ್ತಿದ್ದುದನ್ನು ಅವನು ಬೇರೆ ಯಾರದೋ ಸಾಮಾನು ನೋಡುವವನ ಹಾಗೆ ನೋಡುತ್ತ ನಿಂತಿದ್ದ. ಪ್ಲಾಸ್ಟಿಕ್ ತೊಟ್ಟೆಯೊಳಗೆ ಇನ್ನೊಂದು ತೊಟ್ಟೆ, ಅದರ ಸುತ್ತ ಕಂದು ಟೇಪು, ಟೇಪಿನ ಮೇಲೆ ಮತ್ತೊಂದು ತೊಟ್ಟೆ. ಕುಮಾರಪರ್ವತ ಹತ್ತುವವರು ಪ್ಲಾಸ್ಟಿಕ್ ತರಬಾರದೆಂದು ಭವಿತಾ ವಾರದಿಂದ ವಾಟ್ಸಾಪಿನಲ್ಲಿ ಬರೆಯುತ್ತಲೇ ಇದ್ದಳು. ಬ್ಯಾಂಕಿನಲ್ಲಿ ಕೆಲಸಕ್ಕಿರುವ ಭವಿತಾ, ಕನ್ನಡಕದ ಅಂಗಡಿಯ ರಾಧಾಕೃಷ್ಣ ಮತ್ತು ತಾನು, ಇಷ್ಟೇ ಜನರ ಗುಂಪು ಅದು. ಪುತ್ತೂರಿನಿಂದ ಆಗಾಗ ಆದಿತ್ಯವಾರ ಯಾವುದಾದರೂ ಬೆಟ್ಟಕ್ಕೆ ಹೋಗಿ ಬರುವುದನ್ನು ಬಿಟ್ಟರೆ ಮೂವರ ನಡುವೆ ಮಾತಾಡುವುದಕ್ಕೂ ಹೆಚ್ಚೇನಿರಲಿಲ್ಲ. ಇಬ್ಬರೂ ಈಗ ಸ್ವಲ್ಪ ದೂರದಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದರು, ಮರ್ಯಾದೆಗೆ. ಗಾರ್ಡ್ ಬ್ಲೇಡಿನಿಂದ ಟೇಪು ಸೀಳಿದ. ಒಳಗಿನಿಂದ ನಿಂಬೆ ಉಪ್ಪಿನಕಾಯಿಯ ಬಾಟಲಿ ಬಂತು, ಬಾಳೆಕಾಯಿ ಚಿಪ್ಸ್ ಬಂತು, ವಿಕ್ಸ್ ಡಬ್ಬಿ, ಮಡಚಿದ ಲುಂಗಿ, ಕೊನೆಗೆ ಒಂದು ಹೊರೆ ಒಣ ಪತ್ತಿರ್. ಅಕ್ಕಿಯ ಆ ತೆಳ್ಳನೆಯ ರೊಟ್ಟಿಯನ್ನು ತೆಂಗಿನ ಹಾಲಿನಲ್ಲೋ ಸಾರಿನಲ್ಲೋ ನೆನೆಸದೆ ಯಾರೂ ತಿನ್ನುವುದಿಲ್ಲ. "ಎಷ್ಟು ದಿನಕ್ಕೆ ಹೊರಟದ್ದು ಮಾರಾಯ್ರೆ ನೀವು? ಸಂಜೆಯೊಳಗೆ ಇಳಿಲಿಕ್ಕೆ ಉಂಟು," ಎಂದ ಗಾರ್ಡ್. ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಹಳೆಯ ಪೇಪರು ಕೊಟ್ಟು, ಬೇಕಾದ್ದನ್ನು ಅದರಲ್ಲಿ ಸುತ್ತಿಕೊಳ್ಳಿ, ಉಳಿದದ್ದನ್ನು ಇಳಿಯುವಾಗ ಒಯ್ಯಿರಿ ಎಂದ. ಝಾಕಿರ್ ತಲೆಯಾಡಿಸಿ ಪತ್ತಿರನ್ನು ಪೇಪರಿನಲ್ಲಿ ಸುತ್ತತೊಡಗಿದ. ಅಂಚುಗಳು ಮುರಿದು ಪುಡಿಯಾದವು. ಆಗ ಅವನಿಗೆ ಹೊಳೆಯಿತು, ಇದು ಗಲ್ಫಿನ ಕಟ್ಟು.

ಅವನು ಗಲ್ಫಿನಲ್ಲಿ ಕೆಲಸಕ್ಕಿದ್ದಾಗ, ರಜೆ ಮುಗಿಯುವ ಹಿಂದಿನ ದಿನ ಹೆಂಡತಿ ರಸೀನಾ ಮಲಗುವ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕುಳಿತು ಹೀಗೆಯೇ ಕಟ್ಟುತ್ತಿದ್ದಳು. ವಿಮಾನದ ಹೊಟ್ಟೆಯಲ್ಲಿ ಉಪ್ಪಿನಕಾಯಿಯ ಎಣ್ಣೆ ಸೋರಬಾರದು, ಶಾರ್ಜಾದಲ್ಲಿ ರೂಮಿನವರ ಮುಂದೆ ಬಿಚ್ಚುವಾಗ ಒಂದು ಪತ್ತಿರೂ ಮುರಿದಿರಬಾರದು, ತಿಂಗಳುಗಟ್ಟಲೆ ಇಟ್ಟರೂ ಬೂಷ್ಟು ಬರಬಾರದು. ಟೇಪನ್ನು ಹಲ್ಲಿನಿಂದ ಕಚ್ಚಿ ಹರಿಯುವಾಗ ಅವಳ ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ, ಕೆಲಸ ಮಾತ್ರ. ಅವನು ಮಂಚದ ಮೇಲೆ ಕುಳಿತು, ಸಾಕು, ತೂಕ ಹೆಚ್ಚಾಗುತ್ತದೆ ಎನ್ನುತ್ತಿದ್ದ. ಅವಳು ಕೇಳಿಸದವಳ ಹಾಗೆ ಇನ್ನೊಂದು ಸುತ್ತು ಸುತ್ತುತ್ತಿದ್ದಳು. ನಿನ್ನೆ ಅವನು ಹೇಳಿದ್ದು ಇಷ್ಟೇ, ನಾಳೆ ಕುಮಾರಪರ್ವತಕ್ಕೆ ಹೋಗುವುದು, ಮಧ್ಯಾಹ್ನಕ್ಕೆ ತಿನ್ನಲು ಏನಾದರೂ ಬೇಕು, ದೇವಸ್ಥಾನದ ಊರಿನಿಂದ ಹತ್ತುವುದಲ್ಲವಾ, ಜೊತೆಗಿರುವವರೂ ತಿನ್ನುವುದಿಲ್ಲ, ಮೀನು ಕೋಳಿ ಬೇಡ. ಅವಳು ಸರಿ ಎಂದಿದ್ದಳು. ಕೋಣೆಯಿಂದ ಟೇಪು ಎಳೆಯುವ ಸದ್ದು ಬಂದಾಗ ಅವನು ಚಾವಡಿಯಲ್ಲಿ ಫೋನ್ ನೋಡುತ್ತ ಕುಳಿತಿದ್ದ. ಸದ್ದು ಕೇಳಿ ಒಮ್ಮೆ ತಲೆಯೆತ್ತಿದ್ದ. ಆದರೆ ಎದ್ದು ಹೋಗಿ ನೋಡಿರಲಿಲ್ಲ. ಈಗ ಹುಲ್ಲಿನ ಬೋಳುಗುಡ್ಡದ ಏರಿನಲ್ಲಿ ಬಿಸಿಲು ಬೆನ್ನಿಗೆ ಬೀಳುತ್ತಿರುವಾಗ, ಒಂದು ಹೆಜ್ಜೆಯ ಮೇಲೆ ಇನ್ನೊಂದು ಹೆಜ್ಜೆ ಇಡುತ್ತ ಅದನ್ನೇ ಕೇಳಿಕೊಂಡ. ಇವಳಿಗೆ ಗೊತ್ತಾಗಿದೆಯಾ?

ಗೊತ್ತಾಗಲು ಇದ್ದದ್ದು ಒಂದೇ ವಿಷಯ. ಒಂಬತ್ತು ದಿನದ ಹಿಂದೆ, ಶುಕ್ರವಾರ ಜುಮಾ ನಮಾಜು ಮುಗಿಸಿ ಬರುವಾಗ ಶಾರ್ಜಾದಿಂದ ಹೈದರ್ ಫೋನ್ ಮಾಡಿದ್ದ. ಇಬ್ಬರೂ ಒಂದೇ ರೂಮಿನಲ್ಲಿ ಹಾಸಿಗೆ ಹಾಸಿದವರು, ಒಂದೇ ಬಕಾಲಾದಲ್ಲಿ ಹಾಲು, ಬ್ರೆಡ್ಡು, ಸಿಗರೇಟು ಮಾರಿದವರು. ಅರಬಿ ಧಣಿ ಇನ್ನೊಂದು ಅಂಗಡಿ ತೆರೆಯುತ್ತಿದ್ದಾನೆ, ನಿನ್ನನ್ನೇ ಕೇಳುತ್ತಿದ್ದಾನೆ, ನಾಡಿದ್ದಲ್ಲ, ಅದರ ಮುಂದಿನ ಆದಿತ್ಯವಾರ ರಾತ್ರಿಯೊಳಗೆ ಹ್ಞೂಂ ಅನ್ನು, ಇಲ್ಲದಿದ್ದರೆ ಬೇರೆ ಜನ ನೋಡುತ್ತಾರೆ ಎಂದಿದ್ದ ಹೈದರ್. ಝಾಕಿರ್ ರಸ್ತೆ ಬದಿಯಲ್ಲಿ ಸ್ಕೂಟರು ನಿಲ್ಲಿಸಿಕೊಂಡು ಕೇಳಿಸಿಕೊಂಡ. ಎದೆಯಲ್ಲಿ ಮೊದಲು ಹುಟ್ಟಿದ್ದು ಸಮಾಧಾನ, ಬಿಗಿಯಾದ ಬೂಟು ಬಿಚ್ಚಿದಾಗ ಆಗುವಂಥದ್ದು. ಆ ಸಮಾಧಾನಕ್ಕೆ ಅವನಿಗೆ ನಾಚಿಕೆಯಾಯಿತು. ವಾರವಿಡೀ ಆ ನಾಚಿಕೆ ಹೋಗಲಿಲ್ಲ. ಮನೆಯಲ್ಲಿ ಯಾರಿಗೂ ಅವನು ಬಾಯಿ ಬಿಡಲಿಲ್ಲ. ವೀಸಾ, ಕೆಲಸ ಎಲ್ಲ ಕ್ಯಾನ್ಸಲ್ ಮಾಡಿ ಬಂದು ವರ್ಷ ದಾಟಿತ್ತು. ಇನ್ನು ಹೋಗುವುದಿಲ್ಲ ಎಂದು ಬಂದವನು. ಬಂದ ಮೇಲೆ ಗೊತ್ತಾಯಿತು, ತಾನು ಕಲಿತಿರುವುದು ಬರುವುದನ್ನು ಮತ್ತು ಹೋಗುವುದನ್ನು, ಇರುವುದನ್ನು ಕಲಿತೇ ಇಲ್ಲ.

ಮನೆ ಅವನದೇ. ಟೈಲ್ಸಿನ ಬಣ್ಣವನ್ನೂ ಫೋನಿನ ವಿಡಿಯೋದಲ್ಲಿ ನೋಡಿ ಆರಿಸಿದವನು ಅವನು. ಆದರೆ ಈಗಲೂ ಲೈಟಿನ ಸ್ವಿಚ್ಚೆಂದು ಫ್ಯಾನಿನದನ್ನು ಒತ್ತುತ್ತಿದ್ದ. ಫ್ಯಾನು ತಿರುಗತೊಡಗಿದ ಕೂಡಲೇ ಮಗಳು ಆಯಿಶತ್ ಶಿಫಾ ಎದ್ದು ಬಂದು ಸರಿಯಾದದ್ದನ್ನು ಒತ್ತಿ, ಏನೂ ಹೇಳದೆ ಹೋಗುತ್ತಿದ್ದಳು. ಅವಳೊಮ್ಮೆ ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಊಟಕ್ಕೆ ಅವನಿಗೆ ಗಾಜಿನ ತಟ್ಟೆ, ಬಂದವರಿಗೆ ಇಡುವಂಥದ್ದು. ಅವನು ಉಂಡು ಕೈ ತೊಳೆದ ಮೇಲೆ ತಾಯಿ ಮಗಳು ಅಡುಗೆಕೋಣೆಯಲ್ಲಿ ಸ್ಟೀಲಿನ ಬಟ್ಟಲಿನಲ್ಲಿ ಉಣ್ಣುತ್ತಿದ್ದರು. ಆಗ ಅಲ್ಲಿಂದ ನಗು ಕೇಳುತ್ತಿತ್ತು. ಏನು ನಗುವೆಂದು ಅವನೊಮ್ಮೆ ಬಾಗಿಲವರೆಗೆ ಹೋದ. ಇಬ್ಬರೂ ನಗು ನಿಲ್ಲಿಸಿ ತಲೆಯೆತ್ತಿ, ಎಂತ ಬೇಕಿತ್ತು ಎಂದು ಕೇಳಿದರು. ನೀರು ಎಂದ. ನೀರು ಕೊಟ್ಟರು. ಕುಡಿದು ಬಂದ. ಹೊರಗೆ ಹೋದರೆ ಅದೇ ಮಾತು. ಮಸೀದಿಯ ಗೇಟಿನಲ್ಲಿ, ಕ್ಷೌರದಂಗಡಿಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕವರೆಲ್ಲ, ಯಾವಾಗ ಬಂದದ್ದು, ಯಾವಾಗ ಹೋಗುದು ಎಂದು ಕೇಳುತ್ತಿದ್ದರು. ಗಲ್ಫಿನವನಿಗೆ ಊರಲ್ಲಿ ಮಾಡುವ ನಮಸ್ಕಾರವೇ ಅದು, ಅದರಲ್ಲಿ ತಪ್ಪೇನೂ ಇಲ್ಲ. ಮೊದಲು ಅವನು ತಾರೀಕು ಹೇಳುತ್ತಿದ್ದ. ಈಗ ಹೇಳಲು ತಾರೀಕಿರಲಿಲ್ಲ. ಇನ್ನು ಹೋಗುದಿಲ್ಲ ಎಂದರೆ ಅವರ ಮುಖದಲ್ಲಿ ಮೂಡುತ್ತಿದ್ದ ಕನಿಕರವನ್ನು ಸಹಿಸಲಾರದೆ, ಬೆಟ್ಟ ಹತ್ತಲು ಶುರುಮಾಡಿದ ಮೇಲೆ, ಆದಿತ್ಯವಾರ ಹೋಗುದು ಎಂದು ನಗಾಡತೊಡಗಿದ.

ಅದು ಶುರುವಾದದ್ದು ಬೀರಮಲೆಯಿಂದ. ಒಂದು ಸಂಜೆ ಯಾರ ಕಣ್ಣಿಗೂ ಬೀಳದಿರಲೆಂದು ಆ ಗುಡ್ಡೆ ಹತ್ತಿದ್ದ. ಕೆಳಗೆ ಪುತ್ತೂರು ಪೇಟೆ ಪೂರ್ತಿ ಕಾಣುತ್ತಿತ್ತು. ಬರುವುದು ತಡವಾಗುತ್ತದೆಂದು ಹೇಳಲು ಮನೆಗೆ ಫೋನ್ ಮಾಡಿದ. ಎಲ್ಲಿದ್ದೀರಿ ಎಂದಳು ರಸೀನಾ. ಬೀರಮಲೆಯ ಮೇಲೆ ಎಂದ. ಅವಳು ನಕ್ಕಳು. ಅಲ್ಲಿ ಎಂತ ಮಾಡ್ತಿದ್ದೀರಿ, ನಮ್ಮ ಮನೆ ಕಾಣ್ತದಾ, ನಾನು ಟೆರೇಸಿಗೆ ಹೋಗಿ ಬಟ್ಟೆ ಬೀಸಿದರೆ ಗೊತ್ತಾಗ್ತದಾ ಎಂದು ಕೇಳಿದಳು. ಅವನು ಕುಳಿತುಬಿಟ್ಟ. ಹೊತ್ತು ಮುಳುಗಿ ಮಸೀದಿಯಿಂದ ಮಗ್ರಿಬಿನ ಬಾಂಗ್ ಕೇಳುವವರೆಗೆ ಇಬ್ಬರೂ ಮಾತಾಡಿದರು. ಬೆಕ್ಕಿನ ವಿಷಯ, ಪಕ್ಕದ ಮನೆಯ ಗಲಾಟೆ, ಶಿಫಾಳ ಪರೀಕ್ಷೆ, ಅವಳ ಸೊಂಟನೋವು. ಸೊಂಟನೋವಿನ ಸಂಗತಿ ಅವನಿಗೆ ತಿಳಿದದ್ದೇ ಆಗ. ಒಂದೇ ಮನೆಯಲ್ಲಿದ್ದೂ ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಇಳಿದು ಮನೆಗೆ ಬಂದಾಗ ಅವಳು ಬಾಗಿಲು ತೆಗೆದು ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ಬದಿಗೆ ಸರಿದಳು. ಅವನೂ ಕಣ್ಣು ಬೇರೆಡೆ ಮಾಡಿ ಒಳಗೆ ಹೋದ. ಮದುವೆಯಾದ ನಾಲ್ಕನೇ ವಾರಕ್ಕೆ ವಿಮಾನ ಹತ್ತಿದವನು ಅವನು. ಅವರ ಸಂಸಾರವೆಲ್ಲ ಫೋನಿನಲ್ಲಿ ನಡೆದದ್ದು. ಜಗಳವಾಡಿದ್ದು, ರಾಜಿಯಾದದ್ದು, ಮಗಳಿಗೆ ಹೆಸರಿಟ್ಟದ್ದು, ಅವನ ತಂದೆ, ಉಪ್ಪ, ತೀರಿಕೊಂಡಾಗ ಅವಳು ಓದಿ ಕೇಳಿಸಿದ ಕುರಾನಿನ ಯಾಸೀನ್, ಎಲ್ಲ ಕಿವಿಯಲ್ಲಿ. ಕಣ್ಣೆದುರು ಇದ್ದರೆ ಇಬ್ಬರಿಗೂ ಒಬ್ಬರನ್ನೊಬ್ಬರು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಆಮೇಲೆ ಗಡಾಯಿಕಲ್ಲು, ಬಂಟಮಲೆ, ಕೊಡಗಿನ ತಡಿಯಂಡಮೋಳ್. ಬೆಟ್ಟ ಎತ್ತರವಾದಷ್ಟೂ ಅವಳ ಪ್ರಶ್ನೆಗಳು ಹೆಚ್ಚಾಗುತ್ತಿದ್ದವು. ಗಾಳಿ ಇದೆಯಾ, ಹೆದರಿಕೆ ಆಗುದಿಲ್ಲವಾ, ಅಲ್ಲಿಂದ ಸಮುದ್ರ ಕಾಣುತ್ತದಾ. ತುದಿಯಲ್ಲಿ ರಾಧಾಕೃಷ್ಣ ಫೋಟೋ ತೆಗೆಯುತ್ತಿದ್ದರೆ, ಭವಿತಾ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದರೆ, ಅವನು ಫೋನನ್ನು ಎತ್ತಿ ಹಿಡಿದುಕೊಂಡು ರೇಂಜ್ ಎಲ್ಲಿ ಸಿಗುತ್ತದೆಂದು ಬಂಡೆಯಿಂದ ಬಂಡೆಗೆ ಅಲೆಯುತ್ತಿದ್ದ. ಮಾರಾಯ್ರೆ, ನೀವು ಹತ್ತುದು ಬೆಟ್ಟವಾ ಟವರಾ ಎಂದು ರಾಧಾಕೃಷ್ಣ ಗೇಲಿ ಮಾಡುತ್ತಿದ್ದರು. ಮನೆಯಲ್ಲಿ ಅವನ ತಾಯಿ ನಫೀಸಮ್ಮನ ಗೇಲಿ ಬೇರೆಯೇ. ಅವರ ಕಾಲದಲ್ಲಿ ಗುಡ್ಡೆಗೆ ಹೋಗುವುದೆಂದರೆ ಚೊಂಬು ಹಿಡಿದು ಬಯಲಿಗೆ ಹೋಗುವುದು. ಮೊದಲ ಸಲ ಅವನು, ಉಮ್ಮ, ಗುಡ್ಡೆಗೆ ಹೋಗಿ ಬರ್ತೇನೆ ಎಂದಾಗ ಅವರು ಗಂಭೀರವಾಗಿ, ಮನೆ ತುಂಬ ಕಕ್ಕುಸು ಕಟ್ಟಿಸಿಟ್ಟು ಇವನಿಗೆ ಗುಡ್ಡೆಯೇ ಬೇಕಂತೆ ಎಂದಿದ್ದರು. ಶಿಫಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಸೀನಾ ಶಾಲಿನ ತುದಿ ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅವನಿಗೆ ಸಿಟ್ಟು ಬರಬೇಕಿತ್ತು, ಆದರೆ ಬರಲಿಲ್ಲ. ಆ ಮನೆಯಲ್ಲಿ ಅವನು ಇದ್ದಾಗಲೇ ಆದ ನಗು ಅದು.

ಶೇಷಪರ್ವತ ದಾಟಿ ಕಾಡಿನ ತಂಪಿಗೆ ಇಳಿದರು. ಕೊನೆಯ ಏರು ಬಂಡೆಯದು, ಕೈಯೂರಿ ಹತ್ತಬೇಕು. ಭವಿತಾ ಮೇಲಿನಿಂದ ಕೈ ಚಾಚಿ, ಝಾಕಿರಣ್ಣ, ಎಡಗಾಲು ಮೊದಲು ಇಡಿ ಎಂದಳು. ಕೈ ಹಿಡಿದರೆ ಆಯಿತು, ಆದರೆ ಅವನು ಹುಲ್ಲಿನ ಬೇರನ್ನು ಹಿಡಿದ. ಅದು ಕಿತ್ತು ಬಂದು ಒಂದಾಳುದ್ದ ಜಾರಿದ. ಚೀಲದೊಳಗೆ ಪತ್ತಿರ್ ಪುಡಿಯಾಗುವ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಮೊಣಕೈ ಕೆತ್ತಿಹೋದದ್ದು ಗಮನಕ್ಕೇ ಬರಲಿಲ್ಲ. ರಸೀನಾ ಅಷ್ಟು ಸುತ್ತು ಸುತ್ತಿದ್ದು ಇದಕ್ಕೇ, ಎಲ್ಲಿ ಬಿದ್ದರೂ ಒಡೆಯಬಾರದೆಂದು. ತಾನು ಅದನ್ನೆಲ್ಲ ಬಿಚ್ಚಿಸಿ ಪೇಪರಿನಲ್ಲಿ ಹಾಕಿಕೊಂಡು ಬಂದೆ ಎಂದುಕೊಂಡಾಗ ಅಳು ಬಂತು. ಬಿದ್ದ ನೋವಿಗೆಂದು ರಾಧಾಕೃಷ್ಣ ತಿಳಿದರು, ನೀರು ಕೊಟ್ಟರು. ಎರಡನೇ ಸಲ ಅವನು ಭವಿತಾಳ ಕೈ ಹಿಡಿದೇ ಹತ್ತಿದ.

ತುದಿಯಲ್ಲಿ ಬಟಾಬಯಲು, ಗಾಳಿ. ಕೆಳಗೆ ಮೋಡ, ಮೋಡ ಹರಿದಲ್ಲಿ ಕಾಡು. ಎಲ್ಲಿ ಸುಳ್ಯ, ಎಲ್ಲಿ ಕಡಬ, ಗುರುತು ಸಿಗಲಿಲ್ಲ. ಕಲ್ಲುರಾಶಿಯ ಆಚೆ ರೇಂಜ್ ಸಿಕ್ಕಿತು. ರಸೀನಾ ಒಂದೇ ರಿಂಗಿಗೆ ಎತ್ತಿದಳು. ಹತ್ತಿದ್ರಾ ಎಂದಳು. ಹತ್ತಿದೆ ಎಂದ. ಮೋಡ ಕೆಳಗಿದೆ ಎಂದದ್ದನ್ನು ಅವಳು ನಂಬಲಿಲ್ಲ, ಮತ್ತೆ ಮತ್ತೆ ಕೇಳಿದಳು. ಪ್ಲಾಸ್ಟಿಕ್ಕಿನ ಕಥೆ ಹೇಳಿದ. ಅಯ್ಯೋ ಎಂದು ನಕ್ಕಳು. ಪತ್ತಿರನ್ನು ರಾಧಾಕೃಷ್ಣರಿಗೂ ಭವಿತಾಳಿಗೂ ಉಪ್ಪಿನಕಾಯಿಯ ಜೊತೆ ಕೊಟ್ಟದ್ದನ್ನು, ಅವರು ಹಪ್ಪಳವೆಂದು ತಿಳಿದು ಕಟಕಟ ಕಡಿದು ಹೊಗಳಿದ್ದನ್ನು ಹೇಳಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಮನೆಯ ಸುದ್ದಿ ಹೇಳಿದಳು. ಸುದ್ದಿಯೆಲ್ಲ ಮುಗಿಯಿತು. 'ಮತ್ತೆ?' ಎಂದಳು ಅವಳು. ಫೋನಿನಲ್ಲಿ ಎಲ್ಲ ದೊಡ್ಡ ಮಾತುಗಳೂ ಈ 'ಮತ್ತೆ'ಯ ಬೆನ್ನಿಗೇ ಬಂದದ್ದು. ಈಗ ಹೇಳಿಬಿಟ್ಟರೆ ಸುಲಭ. ಹೈದರ್ ಕರೆಯುತ್ತಿದ್ದಾನೆ, ಎಂತ ಮಾಡುದು ಎಂದರೆ, ಅವಳು ಎಂದಿನಂತೆ, ನಿಮ್ಮಿಷ್ಟ ಎನ್ನುತ್ತಾಳೆ. ಪ್ರತಿ ಸಲವೂ ಅವಳು ಹಾಗೆಯೇ ಅಂದವಳು. ಅವನು ಹೋಗುತ್ತಾನೆ. ಮತ್ತೆ ದಿನವೂ ಕಿವಿಯಲ್ಲಿ ಈ ದನಿ, ಈ ನಗು. ಅವಳನ್ನು ಇಷ್ಟು ಪ್ರೀತಿಸುವುದಕ್ಕೆ ತನಗೆ ಇಷ್ಟು ದೂರ ಬೇಕೇ ಎಂದು ಅವನಿಗೆ ಹೆದರಿಕೆಯಾಯಿತು. ಮತ್ತೆ ಎಂತ ಇಲ್ಲ, ಮನೆಗೆ ಬಂದು ಹೇಳ್ತೇನೆ ಎಂದ. ಆಯ್ತು ಎಂದು ಅವಳು ಫೋನ್ ಇಟ್ಟಳು.

ಇಳಿಯುವಾಗ ಹೆಬ್ಬೆರಳ ಉಗುರು ಬೂಟಿಗೆ ಒತ್ತಿ ಕಪ್ಪಾಯಿತು. ಗಿರಿಗದ್ದೆಯಲ್ಲಿ ಹರಿದ ತೊಟ್ಟೆ, ಟೇಪುಗಳ ಮುದ್ದೆಯನ್ನು ಮರೆಯದೆ ಇಸಿದುಕೊಂಡ. ರಾಧಾಕೃಷ್ಣರ ಕಾರಿನಲ್ಲಿ ಕಾಣಿಯೂರು, ಸವಣೂರು ದಾಟುವಾಗ ಭವಿತಾ ಮುಂದಿನ ಬೆಟ್ಟದ ಮಾತೆತ್ತಿದಳು. ಅವನು ಹ್ಞೂಂ ಎನ್ನುತ್ತ, ಏನು ಹೇಳಬೇಕು, ಎಲ್ಲಿ ನಿಂತು ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದ. ಚಾವಡಿಯಲ್ಲಾದರೆ ರಸೀನಾ ಟ್ರೇಯಲ್ಲಿ ಚಾ ತಂದಿಟ್ಟು ನಿಂತಿರುತ್ತಾಳೆ, ಅಲ್ಲಿ ಮಾತು ಬರುವುದಿಲ್ಲ. ಮನೆ ತಲುಪಿದಾಗ ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಉಮ್ಮ ಒಳಕೋಣೆಯಲ್ಲಿ ತಸ್ಬೀಹ್ ಮಣಿ ಎಣಿಸುತ್ತಿದ್ದರು. ಶಿಫಾ ಓದುತ್ತಿದ್ದಳು. ಅವನು ಬೂಟು ಬಿಚ್ಚಿ, ಚಾವಡಿಯಲ್ಲಿ ನಿಲ್ಲದೆ ಸೀದಾ ಅಡುಗೆಕೋಣೆಗೆ ಹೋಗಿ, ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತ.

ರಸೀನಾ ಬಂಗುಡೆ ಶುಚಿ ಮಾಡುತ್ತಿದ್ದಳು. ಕೈ ತುಂಬ ಮೀನಿನ ರಕ್ತ, ಶಾಲು ಜಾರಿ ಹೆಗಲಿಗೆ ಬಿದ್ದಿತ್ತು, ಸರಿಮಾಡಿಕೊಳ್ಳಲು ಆಗುವ ಹಾಗಿರಲಿಲ್ಲ. ಅಲ್ಲಿ ಕೂತ್ಕೊಳ್ಳಿ, ಚಾ ತರ್ತೇನೆ ಎಂದಳು. ಇಲ್ಲೇ ಇರ್ತೇನೆ ಎಂದ. ಅವಳು ತಿರುಗಿ ನೋಡಿ ಮತ್ತೆ ಮೀನಿಗೆ ಬಗ್ಗಿದಳು. ಅವಳ ಕಿವಿಯ ಹಿಂದೆ ಕೂದಲು ಬೆಳ್ಳಗಾಗಿದ್ದುದನ್ನು ಅವನು ಕಂಡ. ವಿಡಿಯೋದಲ್ಲಿ ಅದು ಎಂದೂ ಕಾಣಿಸಿರಲಿಲ್ಲ.

"ಹೈದರ್ ಫೋನ್ ಮಾಡಿದ್ದ," ಎಂದ.

"ಗೊತ್ತುಂಟು. ಅವನ ಹೆಂಡತಿ ಈಶ್ವರಮಂಗಲದಿಂದ ಮರುದಿನವೇ ಫೋನ್ ಮಾಡಿ ಹೇಳಿದ್ದಾಳೆ."

"ಮತ್ತೆ ನೀನು ಕೇಳ್ಲಿಲ್ಲ?"

"ನೀವು ಹೇಳ್ತೀರಾ ನೋಡುವ ಅಂತ ಕಾದೆ."

ಅವನಿಗೆ ಮುಖ ಎತ್ತಲಾಗಲಿಲ್ಲ. ಒಂದು ವಾರ ಅವಳು ಗಾಜಿನ ತಟ್ಟೆಯಲ್ಲಿ ಅನ್ನ ಬಡಿಸುತ್ತ ಕಾದಿದ್ದಳು. ಅದಕ್ಕೇ ಹಾಗೆ ಕಟ್ಟಿದ್ದಾ, ನಾನು ಹೇಗೂ ಹೋಗುವವನು ಅಂತ, ಎಂದು ಕೇಳಿದ. ಅವಳ ಕತ್ತಿ ನಿಂತಿತು.

"ಅಲ್ಲ. ಗುಡ್ಡೆಗೆ ಅಂತಲೇ ಕಟ್ಟಿದ್ದು. ಮುಗಿದ ಮೇಲೆ ನೋಡಿದೆ, ಹೀಗಾಗಿದೆ. ಹೋಗುವವರಿಗೆ ಕಟ್ಟಿ ಗೊತ್ತುಂಟು ನನಗೆ. ಸಂಜೆಗೆ ಬರುವವರಿಗೆ ಹೇಗೆ ಕಟ್ಟುದು ಅಂತ ಗೊತ್ತಿಲ್ಲ."

ಹೊರಗೆ ಯಾವುದೋ ಬೈಕು ಹೋಯಿತು. ಹೊರಟು ನಿಂತವರ ಎದುರು ಅಡ್ಡಮಾತು ಆಡಬಾರದು, ಕಣ್ಣೀರು ಹಾಕಬಾರದು, ದಾರಿಗೆ ಕೇಡು ಎಂದು ಅವರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತಾರೆ. ವಿಮಾನ ನಿಲ್ದಾಣಕ್ಕೆ ಕಾರು ಹೊರಡುವಾಗಲೆಲ್ಲ ರಸೀನಾ ಬಾಗಿಲ ಪರದೆಯ ಹಿಂದೆ ನಗುತ್ತ ನಿಂತಿರುತ್ತಿದ್ದಳು. ಅದನ್ನು ಅವನು ಧೈರ್ಯವೆಂದು ತಿಳಿದಿದ್ದ. ಕೆಲವೊಮ್ಮೆ, ದೇವರೇ, ತಾನು ಹೋದರೆ ಇವಳಿಗೂ ಹಗುರವೆಂದು ತಿಳಿದಿದ್ದ. ರಾತ್ರಿಯೊಳಗೆ ಹೈದರನಿಗೆ ಉತ್ತರ ಕೊಡಬೇಕು, ಎಂತ ಹೇಳಲಿ ಎಂದು ಕೇಳಿದ. ನಿಮ್ಮ, ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಅರ್ಧ ಕೊಯ್ದ ಮೀನನ್ನು ಸಿಂಕಿನಲ್ಲಿ ಬಿಟ್ಟಳು. ನಳ್ಳಿ ತಿರುಗಿಸಿ ಕೈ ತೊಳೆದುಕೊಂಡಳು, ಅಗತ್ಯಕ್ಕಿಂತ ಹೆಚ್ಚು ಹೊತ್ತು. ಆಮೇಲೆ ನೀರಿನ ಸದ್ದಿನ ನಡುವೆಯೇ, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ಹೋಗ್ಬೇಡಿ."

ಅವನಿಗೆ ಕೇಳಿಸಿತ್ತು. ಆದರೂ, "ಎಂತ?" ಎಂದ.

ಅವಳು ನಳ್ಳಿ ನಿಲ್ಲಿಸಿ ತಿರುಗಿದಳು. ಕಣ್ಣು, ಮೂಗು ಕೆಂಪಾಗಿದ್ದವು, ಸಿಟ್ಟೂ ಬಂದಿತ್ತು. "ಹೋಗ್ಬೇಡಿ ಅಂತ ಹೇಳಿದ್ದು," ಎಂದಳು, ಪಕ್ಕದ ಮನೆಗೆ ಕೇಳುವ ಹಾಗೆ. ಶಿಫಾಳ ಕೋಣೆಯ ಬಾಗಿಲು ಸ್ವಲ್ಪ ತೆರೆದುಕೊಂಡು ಅಲ್ಲಿಗೇ ನಿಂತಿತು. ಒಳಕೋಣೆಯಿಂದ ಉಮ್ಮ ತಸ್ಬೀಹ್ ನಿಲ್ಲಿಸಿ, ಯಾರು ಹೋಗುದು ಈಗ, ಈ ಮೂರ್ಸಂಜೆಗೆ ಎಂದು ಕೂಗಿ ಕೇಳಿದರು.

ರಸೀನಾ ಒದ್ದೆ ಕೈಯ ಹಿಂಭಾಗದಿಂದ ಕಣ್ಣೊರೆಸಿಕೊಂಡು ಅವನ ಮುಖವನ್ನೇ ನೋಡುತ್ತ ನಿಂತಳು. ಅವನು ಆಯ್ತು ಎನ್ನುವ ಹಾಗೆ ತಲೆಯಾಡಿಸಿದ. ಅವಳಿಗೆ ಅಷ್ಟು ಸಾಕಾಯಿತು.

"ಯಾರೂ ಹೋಗುದಿಲ್ಲ ಮಾಮಿ," ಎಂದು ಅಲ್ಲಿಂದಲೇ ಕೂಗಿ ಹೇಳಿದಳು.